ಸರ್ವಿಸ್ ಎಸ್ಟಿಮೇಟ್ 3.86 ಲಕ್ಷ. ಕಟ್ಟಿಬಿಡಲಾ, ಜಗಳ ಆಡಲಾ? (ತುಮಕೂರು)

ತೋಟದಮನೆ_06
ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಹಿಂದೆ ಒಂದು ಹುಚ್ಚು ಕೆಲಸ ಮಾಡಿದೆ. ಕೊಬ್ಬರಿಗೆ ಒಳ್ಳೆ ರೇಟು ಬಂದಿತ್ತು, ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಸ್ಪೋರ್ಟ್ಸ್ ಕಾರು ತೆಗೆದುಕೊಂಡೆ. 2018ರ ಮಾಡೆಲ್, ಎರಡು ಬಾಗಿಲು, ಎರಡು ಸೀಟು, ಟರ್ಬೊ ಪೆಟ್ರೋಲ್, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. 31,400 ಕಿ.ಮೀ. ಓಡಿದೆ. ಕಂಪನಿ ಹೆಸರು, ಶೋರೂಂ ಹೆಸರು ಎರಡೂ ಹಾಕುವುದಿಲ್ಲ. ಮುಂದೆಯೂ ಅಲ್ಲೇ ಗಾಡಿ ಬಿಡಬೇಕಲ್ಲ, ಅದಕ್ಕೆ.

ತುಮಕೂರಿನಲ್ಲಿ ಇದನ್ನು ಮುಟ್ಟುವವರಿಲ್ಲ. ಏನೇ ಆದರೂ 70 ಕಿ.ಮೀ. ಬೆಂಗಳೂರಿಗೇ ಹೋಗಬೇಕು. ಫೋನಿನಲ್ಲಿ ಕೇಳಿದಾಗ "ಒಂದು ಲಕ್ಷದೊಳಗೆ ಆಗುತ್ತೆ ಸಾರ್" ಅಂದಿದ್ದರು. ಇವತ್ತು ಬೆಳಗ್ಗೆ ಬಿಟ್ಟು ಬಸ್ಸು ಹತ್ತಿದೆ. ದಾಬಸ್‌ಪೇಟೆ ಬರುವಷ್ಟರಲ್ಲಿ ವಾಟ್ಸ್ಆ್ಯಪ್‌ಗೆ ಎಸ್ಟಿಮೇಟ್ ಬಂತು:

ಎಂಜಿನ್ ಆಯಿಲ್, ಫಿಲ್ಟರ್‌ಗಳು 46,000
ಬ್ರೇಕ್ ಆಯಿಲ್ 9,000
ಸ್ಪಾರ್ಕ್ ಪ್ಲಗ್ 31,000
ಗೇರ್‌ಬಾಕ್ಸ್ ಆಯಿಲ್ 58,000
ಮುಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್ 1,42,000
ಬ್ಯಾಟರಿ 52,000
ಎಂಜಿನ್ ಡಿಕಾರ್ಬ್ (ಒಳಗಿನ ಮಸಿ ತೆಗೆಯುವುದು) 18,500
ಎಸಿ ಕ್ಲೀನಿಂಗ್ 6,500
ವೀಲ್ ಅಲೈನ್‌ಮೆಂಟ್ ಇತ್ಯಾದಿ 23,000

ಒಟ್ಟು 3.86 ಲಕ್ಷ, ಟ್ಯಾಕ್ಸ್ ಸೇರಿ. ಡಿಸ್ಕ್ ಯಾಕೆ ಅಂತ ಫೋನ್ ಮಾಡಿ ಕೇಳಿದೆ. "ಸವೆದಿದೆ ಸಾರ್" ಅಂದರು. ಎಷ್ಟು ಮಿ.ಮೀ. ಉಳಿದಿದೆ ಅಂದೆ. "ಚೆಕ್ ಮಾಡಿ ಹೇಳ್ತೀನಿ" ಅಂದರು. ಈಗ ರಾತ್ರಿ ಒಂಬತ್ತು, ಇನ್ನೂ ಹೇಳಿಲ್ಲ. ಕಟ್ಟಲಾ? ಗಾಡಿ ಎತ್ತಿಕೊಂಡು ಹೊರಗಿನ ಗ್ಯಾರೇಜ್‌ಗೆ ಹೋಗಲಾ?

ಕ್ಯಾತ್ಸಂದ್ರ_ತಟ್ಟೆಇಡ್ಲಿ
3.86 ಲಕ್ಷಕ್ಕೆ ನಮ್ಮ ವ್ಯಾಗನ್ ಆರ್ ಬಂದಿತ್ತು ಸ್ವಾಮಿ. ಸ್ಟೆಪ್ನಿ ಸಮೇತ. ಫೋಟೊ ಹಾಕಿ ಮೊದಲು.

ಪೆಟ್ರೋಲ್_ಪೈಲ್ವಾನ್
ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ಶೋರೂಂ ಕಡೆ ತಿರುಗಿಯೂ ನೋಡಬೇಡಿ. ಹೊರಗಡೆ ಅರ್ಧ ದುಡ್ಡಿಗೆ ಆಗುತ್ತದೆ.

ಟೊಮೇಟೊ_ಟರ್ಬೊ
ಕೋಲಾರದಿಂದ. ನನ್ನದು ಬಿಎಂಡಬ್ಲ್ಯು ಎಂ340ಐ. 2021ರಲ್ಲಿ ಬಂದಾಗ 62.90 ಲಕ್ಷ ಎಕ್ಸ್ ಶೋರೂಂ ಇತ್ತು, ನಾನು ತೆಗೆದುಕೊಂಡಿದ್ದು ಆಮೇಲೆ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ ಟೊಮೇಟೊ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆಗ. ಆ ದುಡ್ಡು ಬ್ಯಾಂಕಿನಲ್ಲಿ ಇಟ್ಟಿದ್ದರೆ ಹೆಂಡತಿ ಖುಷಿಯಾಗಿರುತ್ತಿದ್ದಳು, ಬಿಡಿ.

ವಿಷಯಕ್ಕೆ ಬರುತ್ತೇನೆ. ನಾನು ತೆಗೆದುಕೊಳ್ಳುವಾಗಲೇ ಸರ್ವಿಸ್ ಪ್ಯಾಕೇಜ್ ಹಾಕಿಸಿದ್ದೆ. ಆಯಿಲ್, ಫಿಲ್ಟರ್, ಪ್ಲಗ್, ಬ್ರೇಕ್ ಆಯಿಲ್ ಎಲ್ಲ ಅದರಲ್ಲೇ ಹೋಗುತ್ತದೆ. ಇಂಥ ಪ್ಯಾಕೇಜ್ ಎಷ್ಟೋ ಸಲ ಮಾಲೀಕನ ಜೊತೆ ಅಲ್ಲ, ಗಾಡಿಯ ಜೊತೆ ಇರುತ್ತದೆ. ನಿಮ್ಮ ಹಳೆ ಓನರ್ ಏನಾದರೂ ಹಾಕಿಸಿದ್ದರಾ ಕೇಳಿದ್ದೀರಾ? ಚಾಸಿ ನಂಬರ್ ಹಾಕಿದರೆ ಶೋರೂಂನವರಿಗೇ ಗೊತ್ತಾಗುತ್ತದೆ. ಅವರಾಗಿ ಹೇಳುವುದಿಲ್ಲ, ನಾವು ಬಾಯಿ ಬಿಟ್ಟು ಕೇಳಬೇಕು.

ತೋಟದಮನೆ_06
ಕೇಳಿದೆ. 2023ಕ್ಕೇ ಮುಗಿದಿದೆಯಂತೆ. ವಾರಂಟಿಯೂ ಇಲ್ಲ.

ಗ್ರೀಸ್_ಕೈ
ಚಿಕ್ಕಬಳ್ಳಾಪುರದಲ್ಲಿ ಗ್ಯಾರೇಜ್ ಇದೆ ನನ್ನದು. ನಂದಿ ಬೆಟ್ಟಕ್ಕೆ ಭಾನುವಾರ ಬೆಳಗ್ಗೆ ಬರುವ ಗಾಡಿಗಳು ಒಂದೊಂದು ಸಲ ನನ್ನ ಬಾಗಿಲಿಗೂ ಬರುತ್ತವೆ, ಹೆಚ್ಚಾಗಿ ಪಂಕ್ಚರ್‌ಗೆ.

ಅಣ್ಣ, ಮೊದಲು ಒಂದು ಮಾತು. ಬೆಳಗ್ಗೆ ಬಿಟ್ಟು ಬಸ್ಸು ದಾಬಸ್‌ಪೇಟೆಗೆ ಬರುವುದರೊಳಗೆ ಎಸ್ಟಿಮೇಟ್ ಬಂತು ಅಂದರೆ ಅವರು ಚಕ್ರ ಬಿಚ್ಚಿಯೇ ಇಲ್ಲ. ಕಂಪ್ಯೂಟರ್‌ನಲ್ಲಿ ವರ್ಷ, ಕಿಲೋಮೀಟರ್ ಹೊಡೆದಿದ್ದಾರೆ, ಪಟ್ಟಿ ಬಂದಿದೆ.

ನಿಮ್ಮ ಪಟ್ಟಿಯಲ್ಲಿ ಮೂರು ಜಾತಿ ಇದೆ. ವರ್ಷದ ಲೆಕ್ಕಕ್ಕೆ ಬದಲಿಸಲೇಬೇಕಾದದ್ದು ಒಂದು. ಸವೆದರೆ ಮಾತ್ರ ಬದಲಿಸುವುದು ಇನ್ನೊಂದು. ಮೂರನೆಯದು ಸುಮ್ನೆ ತೊಳೆಯುವ ಬಳಿಯುವ ಬಾಬತ್ತು.

ಬ್ರೇಕ್ ಆಯಿಲ್ ಮೊದಲ ಜಾತಿ. ಅದು ಗಾಳಿಯಲ್ಲಿರುವ ನೀರಿನ ಪಸೆ ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ನಂದಿಯಿಂದ ಬ್ರೇಕ್ ಒತ್ತಿಕೊಂಡೇ ಇಳಿದರೆ ಡಿಸ್ಕ್ ಕಾದು ಆಯಿಲ್ ಕುದಿಯುತ್ತದೆ, ಪೆಡಲ್ ಹಾಗೇ ನೆಲಕ್ಕೆ ಹೋಗುತ್ತದೆ. ಗಾಡಿ ಶೆಡ್‌ನಲ್ಲಿ ನಿಂತಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಇದರಲ್ಲಿ ಚೌಕಾಸಿ ಬೇಡ.

ಗೇರ್‌ಬಾಕ್ಸ್ ಆಯಿಲ್ ಕೂಡ ಬಿಡಬೇಡಿ. ನಿಮ್ಮದರಲ್ಲಿ ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲೇ ಮುಳುಗಿರುತ್ತವೆ. ಸವೆದ ಪುಡಿ ಎಲ್ಲ ಅದೇ ಆಯಿಲ್‌ಗೆ ಹೋಗುತ್ತದೆ. 58 ಸಾವಿರ ಉಳಿಸಲು ಹೋಗಿ ಗೇರ್‌ಬಾಕ್ಸ್ ಇಳಿಸುವ ಹಾಗಾದರೆ ಹೊಸ ಸಣ್ಣ ಕಾರಿನ ದುಡ್ಡು ಹೋಗುತ್ತದೆ. ಪ್ಲಗ್‌ಗೂ ವರ್ಷದ ಲೆಕ್ಕ ಇರುತ್ತದೆ, ಗಾಡಿಯ ಪುಸ್ತಕ ನೋಡಿ.

ಡಿಸ್ಕ್ ಮಾತ್ರ ಅಳೆಯದೆ ಬದಲಿಸಲು ಬಿಡಬೇಡಿ. ಇಷ್ಟಕ್ಕಿಂತ ತೆಳು ಆಗಬಾರದು ಅಂತ ಮಿ.ಮೀ. ಲೆಕ್ಕ ಡಿಸ್ಕ್ ಮೇಲೇ ಕೊರೆದಿರುತ್ತದೆ. ಮೈಕ್ರೋಮೀಟರ್ ಹಿಡಿದು ಮೂರು ನಾಲ್ಕು ಕಡೆ ಅಳೆಯುವುದು ಐದು ನಿಮಿಷದ ಕೆಲಸ. ಬ್ಯಾಟರಿಯೂ ಹಾಗೇ, ಲೋಡ್ ಟೆಸ್ಟ್ ಮಾಡಿದ ಚೀಟಿ ಕೇಳಿ.

ಪೆಟ್ರೋಲ್_ಪೈಲ್ವಾನ್
ಅದನ್ನೇ ನಾನೂ ಹೇಳಿದ್ದು. ಲೂಟಿ.

ಗ್ರೀಸ್_ಕೈ
ನಾನು ಲೂಟಿ ಅನ್ನಲಿಲ್ಲ ಗುರು. ಅಳೆಯಲಿಲ್ಲ ಅಂದೆ. ಅಳೆದರೆ ನಿಜವಾಗಿಯೂ ಸವೆದಿರಬಹುದು.

ದ್ರಾಕ್ಷಿ_40
ಹೊರಗಡೆ ಗ್ಯಾರೇಜ್ ಅಂತ ಸಲೀಸಾಗಿ ಹೇಳುವವರಿಗೆ ನನ್ನ ಕಥೆ. ಶೋರೂಂ ಬಿಲ್ಲಿಗೆ ಹೆದರಿ ಒಂದು ಹೊರಗಿನ ಗ್ಯಾರೇಜ್‌ಗೆ ಕೊಟ್ಟೆ. ಹೆಸರು ಬೇಡ. ನನ್ನ ಗಾಡಿಗೆ ಆಯಿಲ್ ನೋಡುವ ಕಡ್ಡಿಯೇ ಇಲ್ಲ, ಪರದೆಯ ಮೇಲೆ ತೋರಿಸುತ್ತದೆ, ಅದೂ ಎಂಜಿನ್ ಬಿಸಿಯಾದ ಮೇಲೆ. ಹುಡುಗ ತಣ್ಣಗಿದ್ದಾಗಲೇ ಅಂದಾಜಿನಲ್ಲಿ ಸುರಿದ. ದೇವನಹಳ್ಳಿ ಬರುವಷ್ಟರಲ್ಲಿ ಹಿಂದೆ ನೀಲಿ ಹೊಗೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಕೈ ಸನ್ನೆ ಮಾಡಿದ ಮೇಲೆ ಗೊತ್ತಾಯಿತು. ಒಂದೂವರೆ ಲೀಟರ್ ಜಾಸ್ತಿ ಇತ್ತು. ಜಾಕ್ ಬೇರೆ ತಪ್ಪು ಜಾಗಕ್ಕೆ ಕೊಟ್ಟು ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಒಡೆದಿದ್ದರು. ಉಳಿಸಿದ್ದು 22 ಸಾವಿರ, ಆಮೇಲೆ ಹೋಗಿದ್ದು 40.

ಪೆಟ್ರೋಲ್_ಪೈಲ್ವಾನ್
ಒಬ್ಬ ಕೆಟ್ಟ ಮೆಕ್ಯಾನಿಕ್ ಸಿಕ್ಕ ಅಂತ ಎಲ್ಲರೂ ಕೆಟ್ಟವರಾ?

ದ್ರಾಕ್ಷಿ_40
ಒಂದು ಕೆಟ್ಟ ಎಸ್ಟಿಮೇಟ್ ಬಂತು ಅಂತ ಎಲ್ಲ ಶೋರೂಂ ಲೂಟಿಯಾ?

ಹಳೆ_ಅಡ್ವೈಸರ್
ಊರು ಗೌರಿಬಿದನೂರು, ಇರುವುದು ಬೆಂಗಳೂರು. ಇಂಥ ಗಾಡಿಗಳ ಒಂದು ಶೋರೂಂನಲ್ಲಿ ಮೂರು ವರ್ಷ ಸರ್ವಿಸ್ ಅಡ್ವೈಸರ್ ಆಗಿದ್ದೆ. ಎಲ್ಲಿ ಅಂತ ಕೇಳಬೇಡಿ.

ಡಿಕಾರ್ಬ್, ಎಸಿ ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್, ಇವೆಲ್ಲ ನಮ್ಮ ಟಾರ್ಗೆಟ್ ಸಾಲುಗಳು. ತಿಂಗಳಿಗೆ ಇಷ್ಟು ಅಂತ ಮೇಲಿನಿಂದ ಲೆಕ್ಕ ಬರುತ್ತಿತ್ತು. ಗಿರಾಕಿ "ಬೇಡ" ಅಂದರೆ ನಾವು ಎರಡನೇ ಸಲ ಕೇಳುತ್ತಿರಲಿಲ್ಲ. ಬೇಡ ಅನ್ನುವವರು ಕಮ್ಮಿ, ಅಷ್ಟೇ. ಕೋಟಿ ರೂಪಾಯಿ ಗಾಡಿ ಇಟ್ಟುಕೊಂಡು ಆರು ಸಾವಿರಕ್ಕೆ ವಾದ ಮಾಡಲು ಜನಕ್ಕೆ ನಾಚಿಕೆ. ಆ ನಾಚಿಕೆಯ ಮೇಲೇ ನಮ್ಮ ಇನ್ಸೆಂಟಿವ್ ನಿಂತಿತ್ತು.

ಇನ್ನೊಂದು ಮುಖವೂ ಇದೆ. ದಿನಕ್ಕೆ ನಾಲ್ಕೈದು ಗಾಡಿ ಬರುವ ಕಡೆ ಲಿಫ್ಟ್, ಸ್ಕ್ಯಾನರ್, ವಿಶೇಷ ಟೂಲು, ಹೊರದೇಶಕ್ಕೆ ಕಳಿಸಿ ಕಲಿಸಿದ ಟೆಕ್ನೀಷಿಯನ್, ಎಲ್ಲದರ ಖರ್ಚೂ ಅದೇ ನಾಲ್ಕೈದು ಬಿಲ್ಲಿನ ಮೇಲೆ ಬೀಳಬೇಕು. ಲೇಬರ್ ಬಿಲ್ಲಿನಲ್ಲಿ ಇರುವುದು ಕೆಲಸಗಾರ ನಿಜವಾಗಿ ತೆಗೆದುಕೊಂಡ ಸಮಯ ಅಲ್ಲ, ಈ ಕೆಲಸಕ್ಕೆ ಇಷ್ಟು ಗಂಟೆ ಅಂತ ಕಂಪನಿ ಬರೆದಿಟ್ಟ ಲೆಕ್ಕ. ಪೋರ್ಷೆ 911 ಜಿಟಿ3ಯಲ್ಲಿ ಚಕ್ರಕ್ಕೆ ಐದು ಬೋಲ್ಟ್ ಇಲ್ಲ, ನಡುವೆ ಒಂದೇ ದೊಡ್ಡ ನಟ್ಟು. ಅದನ್ನು 600 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು. ಸಾಮಾನ್ಯ ಕಾರಿನ ಬೋಲ್ಟ್ 120ರ ಆಸುಪಾಸು. ಪಂಕ್ಚರ್ ಅಂಗಡಿಯಲ್ಲಿ ಆ ರೆಂಚು ಎಲ್ಲಿ ಬರಬೇಕು?

ತೋಟದಮನೆ ಅವರೇ, ನಾಳೆ ನೀವೇ ಹೋಗಿ. ಗಾಡಿ ಲಿಫ್ಟ್ ಮೇಲಿದ್ದಾಗ ಕೆಳಗೆ ನಿಂತು ನೋಡಬೇಕು ಅನ್ನಿ. ಇನ್ಶೂರೆನ್ಸ್, ಸೇಫ್ಟಿ ಅಂತೆಲ್ಲ ಹೇಳುತ್ತಾರೆ. ಹೆಲ್ಮೆಟ್ ಕೊಡಿ ಅನ್ನಿ, ಬಿಡುತ್ತಾರೆ. ಬದಲಿಸಿದ ಹಳೆ ಪಾರ್ಟ್ ಎಲ್ಲ ಡಿಕ್ಕಿಯಲ್ಲಿ ಇಡಬೇಕು ಅಂತ ಜಾಬ್ ಕಾರ್ಡಿನ ಮೇಲೆ ಮೊದಲೇ ಬರೆಸಿ. ಆ ಒಂದು ಸಾಲು ಬರೆಸಿದರೆ ಎಸ್ಟಿಮೇಟ್‌ನ ಅರ್ಧ ಸಾಲುಗಳು ತಾನಾಗಿ ಮಾಯ.

ಕ್ಯಾತ್ಸಂದ್ರ_ತಟ್ಟೆಇಡ್ಲಿ
ನಮ್ಮ ವ್ಯಾಗನ್ ಆರ್‌ಗೂ ಡಿಕಾರ್ಬ್ ಹೇಳುತ್ತಾರೆ. ಇದರಲ್ಲಿ ಮಾತ್ರ ಬಡವ ಬಲ್ಲಿದ ಭೇದ ಇಲ್ಲ.

ಕರಿಕೋಟು
ವೃತ್ತಿಯಲ್ಲಿ ವಕೀಲ, ತುಮಕೂರು. ಸ್ಪೋರ್ಟ್ಸ್ ಕಾರು ಇಲ್ಲ, ಅಭಿಪ್ರಾಯ ಇದೆ.

2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿತ್ತು. ಬಿಡಿ ಭಾಗ, ರಿಪೇರಿ ಕೈಪಿಡಿ, ಸ್ಕ್ಯಾನರ್ ಇವನ್ನು ಹೊರಗಿನ ಗ್ಯಾರೇಜ್‌ಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನುವುದು ಆರೋಪ. ಆಮೇಲೆ ಮೇಲ್ಮನವಿ, ಹೈಕೋರ್ಟ್ ಅಂತ ಸುತ್ತಿತು. ಅದನ್ನು ನಂಬಿ ನೀವು ಕೂರಬೇಡಿ.

ನಿಮಗೆ ಕೆಲಸಕ್ಕೆ ಬರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಶೋರೂಂ ಬೆಂಗಳೂರಿನಲ್ಲಿದ್ದರೂ ನೀವು ವಾಸ ಇರುವ ಊರಿನಲ್ಲೇ, ಅಂದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಹಳೆ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು.

ಆದರೆ ಈಗ ಆಗಿರುವುದು ಏನು? ಬರೀ ಎಸ್ಟಿಮೇಟ್. ದುಡ್ಡು ಕೊಟ್ಟಿಲ್ಲ, ಕೆಲಸ ಆಗಿಲ್ಲ. ಬೇಡದ ಸಾಲು ಹೊಡೆದು ಹಾಕಿ ಈಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಟೊಮೇಟೊ_ಟರ್ಬೊ
ವಕೀಲರೇ ಫೀಸ್ ಎಷ್ಟು?

ಕರಿಕೋಟು
ಒಂದು ರೌಂಡು ದೇವರಾಯನದುರ್ಗ. ಬೆಟ್ಟದ ರಸ್ತೆ ಹತ್ತುವಾಗ ಕಿಟಕಿ ಇಳಿಸಿರಬೇಕು.

ರಾಜ್‌ದೂತ್_ಭಕ್ತ
ನಿಮಗೆಲ್ಲ ಮೇಂಟೆನೆನ್ಸ್ ಅಂದರೆ ಏನು ಗೊತ್ತು? ನಮ್ಮ ಮಾವನ ಹತ್ತಿರ ರಾಜ್‌ದೂತ್ 350 ಬೈಕ್ ಇತ್ತು, ಆರ್‌ಡಿ. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್. ಪೆಟ್ರೋಲ್ ಬಂಕಿನವನು ಮಾವನಿಗೆ ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಡುತ್ತಿದ್ದ. ಶಿರಾದಿಂದ ತುಮಕೂರಿಗೆ ಬಂದು ಹೋಗುವುದರಲ್ಲಿ ಒಂದು ಪ್ಲಗ್ ಕಪ್ಪಾಗುತ್ತಿತ್ತು. ಜೇಬಿನಲ್ಲಿ ಯಾವಾಗಲೂ ಎರಡು ಪ್ಲಗ್, ಒಂದು ತುಂಡು ಉಪ್ಪುಕಾಗದ. ಶೋರೂಂ, ಅಡ್ವೈಸರ್ ಎಲ್ಲ ಅವರೇ.

ಗ್ರೀಸ್_ಕೈ
ಆರ್‌ಡಿ ಈಗಲೂ ಇದೆಯಾ? ಮಾರುತ್ತಾರಾ?

ರಾಜ್‌ದೂತ್_ಭಕ್ತ
ಮಾವನನ್ನು ಬೇಕಾದರೆ ಮಾರುತ್ತಾರೆ ನಮ್ಮತ್ತೆ, ಗಾಡಿ ಕೊಡಲ್ಲ.

ಕಾಯಿನಾರು
ತಿಪಟೂರಿನವನು. ತೋಟದ ಮನೆ ಅಂದರಲ್ಲ, ಇಲಿ ನೋಡಿಕೊಂಡಿದ್ದೀರಾ? ಕಾಯಿ ರಾಶಿ ಪಕ್ಕದ ಶೆಡ್‌ನಲ್ಲಿ ಕಾರು ನಿಲ್ಲಿಸಿದ್ದೆ. ವಾರ ಓಡಿಸಿರಲಿಲ್ಲ. ವೈರು ಕಡಿದು ಹಾಕಿದ್ದವು. ನನ್ನದು ಸಾಮಾನ್ಯ ಕಾರು, ಎಂಟು ಸಾವಿರಕ್ಕೆ ಮುಗಿಯಿತು. ನಿಮ್ಮದರಲ್ಲಿ ಹಾರ್ನೆಸ್, ಅಂದರೆ ವೈರುಗಳ ಕಟ್ಟು, ಪೂರ್ತಿ ಬದಲಿಸಿ ಅಂದರೆ ಕಥೆ ಬೇರೆ.

ತೋಟದಮನೆ_06
ಅಯ್ಯೋ, ನನ್ನದೂ ಕಾಯಿ ಶೆಡ್ಡೇ.

ನಂದಿ_ನಸುಕು
ಬೆಂಗಳೂರಿಗೆ ಗಾಡಿ ಕಳಿಸುವವರಿಗೆ ಒಂದು ಮಾತು. ಶೋರೂಂನವರ ಪಿಕಪ್ ಡ್ರೈವರ್ ಕೈಗೆ ಕೀ ಕೊಡಬೇಡಿ. ನನ್ನ ಗಾಡಿಯ ಡ್ಯಾಶ್‌ಕ್ಯಾಮ್ ಆಮೇಲೆ ಹಾಕಿ ನೋಡಿದೆ. ದೇವನಹಳ್ಳಿ ಟೋಲ್ ದಾಟಿದ ಮೇಲೆ ಅಣ್ಣ ವಿಮಾನ ಹಾರಿಸಿದ್ದಾನೆ. ಪಕ್ಕದಲ್ಲಿ ಇನ್ನೊಬ್ಬ ಕೂತು "ಇನ್ನೂ ಹೋಗುತ್ತೆ, ಇನ್ನೂ ಹೋಗುತ್ತೆ" ಅಂತಿದ್ದಾನೆ. ವಿಡಿಯೊ ಕಳಿಸಿದ ಮೇಲೆ ಮ್ಯಾನೇಜರ್ ಫೋನ್ ಮಾಡಿ ಒಂದು ಎಸಿ ಕ್ಲೀನಿಂಗ್ ಫ್ರೀ ಕೊಡುತ್ತೇವೆ ಅಂದರು!

ಈಗ ಫ್ಲಾಟ್‌ಬೆಡ್ ಲಾರಿ ಬಿಟ್ಟು ಬೇರೆ ಮಾತೇ ಇಲ್ಲ. ಸರಪಳಿ ಕಟ್ಟಿ ಎಳೆಯುವುದಂತೂ ಬೇಡವೇ ಬೇಡ.

ತೋಟದಮನೆ_06
ಪೆಟ್ರೋಲ್ ಬಗ್ಗೆಯೂ ಕೇಳಬೇಕಿತ್ತು. ಟ್ಯಾಂಕ್ ಮುಚ್ಚಳದ ಒಳಗೆ 98 ಆಕ್ಟೇನ್ (ಪೆಟ್ರೋಲ್ ದರ್ಜೆ) ಅಂತ ಸ್ಟಿಕ್ಕರ್ ಇದೆ. ನಾನು ಮಾಮೂಲಿ ಹಾಕುತ್ತಿದ್ದೆ.

ಟೊಮೇಟೊ_ಟರ್ಬೊ
ಮಾಮೂಲಿ ಪೆಟ್ರೋಲ್‌ನ ಆಕ್ಟೇನ್ 98ಕ್ಕಿಂತ ಕಮ್ಮಿ. ಸ್ಪೀಡ್ 97 ಕೆಲವು ಬಂಕುಗಳಲ್ಲಿ ಸಿಗುತ್ತದೆ. ಕಮ್ಮಿ ಆಕ್ಟೇನ್ ಹಾಕಿದರೆ ಎಂಜಿನ್ ತಾನೇ ಕಿಡಿ ಹಾರಿಸುವ ಟೈಮಿಂಗ್ ಹಿಂದೆ ಎಳೆದುಕೊಂಡು ಬಚಾವಾಗುತ್ತದೆ, ಆದರೆ ಪವರ್ ಹೋಗುತ್ತದೆ. ದುಡ್ಡು ಕೊಟ್ಟು ತಂದ ಕುದುರೆಗಳನ್ನು ಲಾಯದಲ್ಲಿ ಕಟ್ಟಿ ಹಾಕಿದ ಹಾಗೆ.

ಸಂಜೆ_ಸವಾರ
ಎಲ್ಲರೂ ಡಿಸ್ಕ್ ಡಿಸ್ಕ್ ಅಂತಿದ್ದೀರಿ. ಟೈರ್ ಯಾವ ವರ್ಷದ್ದು? ಪಕ್ಕದ ಗೋಡೆಯಲ್ಲಿ ಡಾಟ್ (DOT) ಅಂತ ಬರೆದಿರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. 31 ಸಾವಿರ ಓಡಿರುವ 2018ರ ಗಾಡಿ ಅಂದರೆ ಇನ್ನೂ ಹಳೆ ಟೈರೇ ಇರಬೇಕು ಅಂತ ನನಗೆ ಅನುಮಾನ.

ಹಳೆ_ಅಡ್ವೈಸರ್
ಒಳ್ಳೆ ಪ್ರಶ್ನೆ. ಎಸ್ಟಿಮೇಟ್‌ನಲ್ಲಿ ಟೈರ್ ಸಾಲೇ ಇಲ್ಲ, ನೋಡಿ. ಎಷ್ಟೋ ಕಡೆ ಶೋರೂಂನವರಿಗೆ ಟೈರ್‌ನಲ್ಲಿ ಮಾರ್ಜಿನ್ ಕಮ್ಮಿ.

ತೋಟದಮನೆ_06
ಶನಿವಾರ ರಾತ್ರಿ. ಈಗ ತಾನೇ ಮನೆಗೆ ಬಂದೆ. ಉದ್ದ ಬರೆಯುತ್ತೇನೆ, ಕ್ಷಮಿಸಿ.

ಒಂಬತ್ತು ಗಂಟೆಗೇ ಹೋಗಿ ನಿಂತೆ. ಮೊದಲು ಲಾಂಜ್‌ನಲ್ಲಿ ಕೂರಿಸಿ ಕಾಫಿ ಕೊಟ್ಟರು. ಕಾಫಿ ಚೆನ್ನಾಗಿತ್ತು. ಲಿಫ್ಟ್ ಹತ್ತಿರ ಬಿಡಿ ಅಂದೆ, ಸೇಫ್ಟಿ ಅಂದರು, ಹೆಲ್ಮೆಟ್ ಕೊಡಿ ಅಂದೆ. ಹಳೆ_ಅಡ್ವೈಸರ್ ಹೇಳಿದ ಹಾಗೇ ಆಯಿತು. ಐದು ನಿಮಿಷಕ್ಕೆ ಬಿಟ್ಟರು.

ಟೆಕ್ನೀಷಿಯನ್ ಒಬ್ಬ ಹುಡುಗ, ಪಾವಗಡದವನು. ನಮ್ಮೂರ ಕಡೆಯ ಮಾತು ಕೇಳಿ ಅವನ ಮುಖ ಸಡಿಲವಾಯಿತು. ಡಿಸ್ಕ್ ಅಳೆದ. ಕೊರೆದಿರುವ ಲೆಕ್ಕಕ್ಕಿಂತ ಇನ್ನೂ 1.2 ಮಿ.ಮೀ. ದಪ್ಪ ಇದೆ, ಪ್ಯಾಡ್ 6 ಮಿ.ಮೀ. ಇದೆ. "ಇನ್ನೂ ಒಂದು ವರ್ಷ ಆರಾಮ ಅಣ್ಣ" ಅಂದ. ಅಡ್ವೈಸರ್ ಪಕ್ಕದಲ್ಲೇ ಇದ್ದ, ಫೋನ್ ನೋಡುತ್ತಾ ನಿಂತ. ಬ್ಯಾಟರಿ ಲೋಡ್ ಟೆಸ್ಟ್ ಪಾಸ್. ಡಿಸ್ಕ್, ಬ್ಯಾಟರಿ, ಡಿಕಾರ್ಬ್, ಎಸಿ ನಾಲ್ಕು ಸಾಲೂ ಹೊಡೆಸಿ ಹಾಕಿದೆ. ಈಮೇಲ್ ಕೂಡ ಅಲ್ಲೇ ನಿಂತು ಕಳಿಸಿದೆ, ವಕೀಲರೇ.

ಆಮೇಲೆ ಎಂಜಿನ್ ಕವರ್ ತೆಗೆದ. ಒಳಗೆ ತೆಂಗಿನ ನಾರು. ಒಂದು ಹಿಡಿಯಲ್ಲ, ಎರಡು ಬೊಗಸೆ. ನೀಟಾಗಿ ಬಟ್ಟಲ ಹಾಗೆ ಗೂಡು ಕಟ್ಟಿದೆ. ಪಕ್ಕದಲ್ಲಿ ನಮ್ಮ ಹಳೆ ಬನಿಯನ್ ಚೂರು. ಸೆನ್ಸರ್ ವೈರು ಎರಡು ಕಡೆ ಕಡಿದು ತಾಮ್ರ ಕಾಣುತ್ತಿತ್ತು. ಇಡೀ ವರ್ಕ್‌ಶಾಪ್ ಬಂದು ನೋಡಿತು. ಹಾರ್ನೆಸ್ ಪೂರ್ತಿ ಬದಲಿಸಬೇಕು ಅಂತ ಅಡ್ವೈಸರ್ ಬಾಯಿ ತೆರೆದ. ಹುಡುಗನೇ ಮಧ್ಯೆ "ಸಾರ್, ಆ ತುಂಡು ಮಾತ್ರ ಹಾಕಬಹುದು" ಅಂದ. 22 ಸಾವಿರ.

ಸಂಜೆ_ಸವಾರ ಅವರೇ, ಟೈರ್ ಮೇಲೆ 4117. ನಾಲ್ಕೂ. 2017ರ 41ನೇ ವಾರ! ಎಂಟು ವರ್ಷ. ತುಳಿಯುವ ಭಾಗ ಚೆನ್ನಾಗಿದೆ, ಪಕ್ಕದ ಗೋಡೆಯಲ್ಲಿ ಕೂದಲೆಳೆ ಬಿರುಕು. ಉಗುರು ಒತ್ತಿದರೆ ಕಲ್ಲು. ಇದೇ ಟೈರ್ ಹಾಕಿಕೊಂಡು ನಾನು ಮಳೆಯಲ್ಲಿ ಹೈವೇಯಲ್ಲಿ ಓಡಿಸಿದ್ದೆ. ಡಿಸ್ಕ್ ಬದಲಿಸಿ ಅಂದವರು ಇದನ್ನು ಹೇಳಲೇ ಇಲ್ಲ. ಹಳೆ ಟೈರ್‌ಗೆ ಅಲೈನ್‌ಮೆಂಟ್ ಯಾಕೆ ಅಂತ ಆ 23 ಸಾವಿರವನ್ನೂ ಹೊಡೆಸಿದೆ.

ಸಂಜೆ_ಸವಾರ
ಮೈ ಜುಂ ಅಂತು. ಟೈರ್ ತೆಗೆದುಕೊಳ್ಳುವಾಗ ಬರೀ ಸೈಜ್ ನೋಡಬೇಡಿ. ಕಂಪನಿಯ ಗುರುತೂ ಇರಬೇಕು. ಪೋರ್ಷೆಗೆ ಎನ್ ಮತ್ತು ಒಂದು ಅಂಕಿ, ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ. ಅದೇ ಹೆಸರಿನ ಟೈರ್ ಆದರೂ ಒಳಗಿನ ಕಟ್ಟು ಬೇರೆ ಇರುತ್ತದೆ.

ತೋಟದಮನೆ_06
ಹಾಕಿಸಿಯೇ ಬಂದೆ. ಹೊರಗಿನ ಟೈರ್ ಅಂಗಡಿ, ಗುರುತು ಇರುವುದೇ, ನಾಲ್ಕಕ್ಕೆ 1.28 ಲಕ್ಷ, ಅಲೈನ್‌ಮೆಂಟ್ ಸೇರಿ. ಶೋರೂಂ ಬಿಲ್ 1.44 ಲಕ್ಷ, ಮೇಲೆ ಇಲಿ 22 ಸಾವಿರ. ಒಟ್ಟು 2.94 ಲಕ್ಷ.

ಪೆಟ್ರೋಲ್_ಪೈಲ್ವಾನ್
ಅಂದರೆ ಉಳಿದಿದ್ದು 92 ಸಾವಿರ ಅಷ್ಟೇ. ಇಷ್ಟೆಲ್ಲ ಓಡಾಡಿ?

ಗ್ರೀಸ್_ಕೈ
ಉಳಿದಿದ್ದು ಜೀವ ಗುರು. ಆ ಟೈರ್ ಹಾಗೇ ಇದ್ದಿದ್ದರೆ?

ಕಾಯಿನಾರು
ಶೆಡ್ ಬದಲಿಸಿ ಮೊದಲು. ಬೆಕ್ಕು ಸಾಕಿ. ತಮಾಷೆ ಅಲ್ಲ, ನಮ್ಮಲ್ಲಿ ಬೆಕ್ಕು ಬಂದ ಮೇಲೆ ವೈರಿಗೆ ಒಂದು ರೂಪಾಯಿ ಕೊಟ್ಟಿಲ್ಲ. ಹಾಲಿನ ಖರ್ಚು ಮಾತ್ರ.

ತೋಟದಮನೆ_06
ಹಳೆ ಪಾರ್ಟ್ ಎಲ್ಲ ಡಿಕ್ಕಿಯಲ್ಲಿ ಹಾಕಿಸಿಕೊಂಡು ಬಂದೆ. ನಾಲ್ಕು ಪ್ಲಗ್, ಫಿಲ್ಟರ್, ವೈರು ತುಂಡು, ನಾರಿನ ಗೂಡು ಕೂಡ ಆ ಹುಡುಗ ಕವರಿನಲ್ಲಿ ಹಾಕಿ ಕೊಟ್ಟ. ಅಮ್ಮ ಪ್ಲಗ್ ಕೈಯಲ್ಲಿ ತೂಗಿ ನೋಡಿ "ಇದಕ್ಕಾ 31 ಸಾವಿರ?" ಅಂದರು. ಉತ್ತರ ಹೊಳೆಯಲಿಲ್ಲ. ಗೂಡನ್ನು ಮಾತ್ರ ಒಲೆಗೆ ಹಾಕಿದರು, ಚೆನ್ನಾಗಿ ಹತ್ತಿಕೊಂಡಿತು.

ಕರಿಕೋಟು
ಭಾನುವಾರ ಆರು ಗಂಟೆಗೆ ಬಿ.ಎಚ್. ರಸ್ತೆಯಲ್ಲಿ ಕಾಯುತ್ತಿರುತ್ತೇನೆ. ಫೀಸ್ ಬಾಕಿ ಇದೆ.

ಟೊಮೇಟೊ_ಟರ್ಬೊ
ನಾನೂ ಕೋಲಾರದಿಂದ ಬರಲಾ?

ತೋಟದಮನೆ_06
ಎರಡೇ ಸೀಟು ಅಣ್ಣ. ನಿಮ್ಮ ಗಾಡಿಯಲ್ಲೇ ಬನ್ನಿ. ದುರ್ಗದ ದಾರಿಯಲ್ಲಿ ಹಂಪ್ ಸಿಕ್ಕಿದರೆ ನಾನು ಓರೆಯಾಗಿ ದಾಟಬೇಕು, ಹಿಂದೆ ಹಾರ್ನ್ ಹೊಡೆಯಬೇಡಿ.

ಕ್ಯಾತ್ಸಂದ್ರ_ತಟ್ಟೆಇಡ್ಲಿ
ಎಲ್ಲ ಸರಿ. ಫೋಟೊ ಇನ್ನೂ ಹಾಕಿಲ್ಲ.